ಖಾಲಿ ಬೆಂಚಿನ ಲೆಕ್ಕ: ‘ವಾಟರ್‌ಲೂ ರೋಡ್’ ಮೊದಲ ಸೀಸನ್ ನೋಡುವ ಮುನ್ನ

‘ವಾಟರ್‌ಲೂ ರೋಡ್’ ಎಂಬ ಬ್ರಿಟಿಷ್ ಶಾಲೆಯ ಕಥೆಯ ಟಿವಿ ಧಾರಾವಾಹಿಯ ಮೊದಲ ಸೀಸನ್ನಿನಲ್ಲಿ ಇರುವುದು ಎಂಟೇ ಕಂತು. ಬಿಬಿಸಿ ಒನ್ ವಾಹಿನಿಯಲ್ಲಿ 2006ರ ಮಾರ್ಚ್ 9ರಂದು ಶುರುವಾಗಿ ಏಪ್ರಿಲ್ ಮುಗಿಯುವ ಹೊತ್ತಿಗೆ ಮುಗಿದೂ ಹೋಯಿತು. ಪ್ರೇಮ, ಜಗಳ, ಮದುವೆ, ಕಾರು ಅಪಘಾತ ಎಲ್ಲ ಇದೆ. ಅವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಕಡೆಯ ನೋಡುಗರಿಗೆ ತೊಡಕಾಗುವುದು ಬೇರೆಯದು. ಸರಕಾರದ್ದೇ ಶಾಲೆ, ಸರಕಾರದ್ದೇ ದುಡ್ಡು, ಹಾಗಿದ್ದ ಮೇಲೆ ಶಾಲೆ ಮುಚ್ಚಿಹೋದೀತು ಎಂದು ಎಲ್ಲರೂ ಯಾಕೆ ಜೀವ ಕೈಯಲ್ಲಿ ಹಿಡಿದು ಕೂತಿದ್ದಾರೆ? ವಾರಕ್ಕೊಬ್ಬ ಹೊಸ ತಂಟೆಕೋರ ಎಲ್ಲಿಂದ ಬರುತ್ತಾನೆ? ಪಾಠ ಮಾಡಲು ಬಾರದ ಟೀಚರನ್ನು ಹೆಡ್, ಅಂದರೆ ಮುಖ್ಯೋಪಾಧ್ಯಾಯರು, ಯಾಕೆ ಇಟ್ಟುಕೊಂಡಿದ್ದಾರೆ? ಮೂರಕ್ಕೂ ಉತ್ತರ ಒಂದೇ ಜಾಗದಲ್ಲಿದೆ. ತರಗತಿಯ ಖಾಲಿ ಬೆಂಚಿನಲ್ಲಿ.

ಮೊದಲು ಯಾರು ಯಾರು ಎಂದು ನೋಡಿಬಿಡೋಣ. ಆನ್ ಮೆಕ್‌ಮನಸ್ ಮತ್ತು ಮಾರೀನ್ ಚಾಡ್ವಿಕ್ ಸೃಷ್ಟಿಸಿದ ಧಾರಾವಾಹಿ ಇದು, ತಯಾರಿಸಿದ್ದು ಶೆಡ್ ಪ್ರೊಡಕ್ಷನ್ಸ್. ಕಥೆ ನಡೆಯುವುದು ಮ್ಯಾಂಚೆಸ್ಟರ್ ಪಕ್ಕದ ರಾಚ್‌ಡೇಲ್‌ನಲ್ಲಿ. ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು, ಗಿರಣಿಗಳು ಮುಚ್ಚಿದ ಮೇಲೆ ಕೆಲಸಕ್ಕೆ ಪರದಾಡಿದ ಊರು. ಚಿತ್ರೀಕರಣವಾದದ್ದೂ ಅಲ್ಲೇ, ಕರ್ಕ್‌ಹೋಲ್ಟ್ ಎಂಬ ಬಡಾವಣೆಯ ಹಿಲ್‌ಟಾಪ್ ಎಂಬ ಪ್ರೈಮರಿ ಶಾಲೆಯ ಕಟ್ಟಡದಲ್ಲಿ. ಅದು ಅಷ್ಟು ಹೊತ್ತಿಗೆ ಶಾಲೆಯಾಗಿ ಉಳಿದಿರಲಿಲ್ಲ. ಮುಚ್ಚುವ ಭಯದ ಕಥೆಯನ್ನು ಮುಚ್ಚಿದ ಶಾಲೆಯಲ್ಲೇ ಚಿತ್ರೀಕರಿಸಿದರು ಅನ್ನಿ.

ಹಳೆಯ ಹೆಡ್ ಮಾನಸಿಕವಾಗಿ ಕುಸಿದು ಹೊರನಡೆದ ಮೇಲೆ ಡೆಪ್ಯುಟಿಯಾಗಿದ್ದ ಜ್ಯಾಕ್ ರಿಮ್ಮರ್ ಆ ಕುರ್ಚಿಗೆ ಬರುತ್ತಾನೆ. ಈ ಪಾತ್ರ ಮಾಡಿದವರು ಜೇಸನ್ ಮೆರೆಲ್ಸ್. ಅವನ ಜಾಗಕ್ಕೆ ಖಾಸಗಿ ಶಾಲೆಯಿಂದ ಬರುವ ಹೊಸ ಡೆಪ್ಯುಟಿ ಆಂಡ್ರ್ಯೂ ಟ್ರೆನಮನ್, ಅಂದರೆ ಜೇಮಿ ಗ್ಲೋವರ್. ಮಕ್ಕಳ ಕಷ್ಟಸುಖ ನೋಡಿಕೊಳ್ಳುವ ಕಿಮ್ ಕ್ಯಾಂಪ್‌ಬೆಲ್ ಪಾತ್ರದಲ್ಲಿ ಆಂಜೆಲಾ ಗ್ರಿಫಿನ್. ಫ್ರೆಂಚ್ ಕಲಿಸುವ, ಆದರೆ ಫ್ರೆಂಚ್ ಅಷ್ಟಕ್ಕಷ್ಟೇ ಬರುವ ಸ್ಟೆಫ್ ಹೇಡಾಕ್ ಆಗಿ ಡೆನಿಸ್ ವೆಲ್ಶ್. ಕುದುರೆ ಬಾಲಕ್ಕೆ ದುಡ್ಡು ಕಟ್ಟುವುದರಲ್ಲೇ ಹೆಚ್ಚು ಆಸಕ್ತಿ ಇರುವ ಇಂಗ್ಲಿಷ್ ಮೇಷ್ಟ್ರು ಗ್ರ್ಯಾಂಟ್ಲಿ ಬಜನ್ ಆಗಿ ಫಿಲಿಪ್ ಮಾರ್ಟಿನ್ ಬ್ರೌನ್. ಮೇಷ್ಟ್ರು ಟಾಮ್, ಅವನ ಹೆಂಡತಿ ಲೋರ್ನಾ, ಅವನ ಮನಸ್ಸು ನೆಟ್ಟಿರುವ ಇಜ್ಜಿ, ಈ ಮೂವರ ಗೋಳು ಕಂತುಕಂತಿಗೂ ಬರುತ್ತದೆ. ಅದನ್ನು ಹಾಗೇ ಬಿಡುತ್ತೇವೆ.

ಈಗ ವ್ಯವಸ್ಥೆ. ವಾಟರ್‌ಲೂ ರೋಡ್ ಒಂದು ‘ಕಾಂಪ್ರಹೆನ್ಸಿವ್’. ಹನ್ನೊಂದನೇ ವಯಸ್ಸಿಗೆ ಪರೀಕ್ಷೆ ಇಟ್ಟು ಜಾಣರನ್ನು ಗ್ರಾಮರ್ ಶಾಲೆಗೂ ಉಳಿದವರನ್ನು ಬೇರೆ ಶಾಲೆಗೂ ಕಳಿಸುವ ಪದ್ಧತಿಯನ್ನು ಕೈಬಿಡಿ ಎಂದು ಇಂಗ್ಲೆಂಡಿನ ಸರಕಾರ 1965ರಲ್ಲಿ ಸುತ್ತೋಲೆ ಹೊರಡಿಸಿತು. ಆ ಬಳಿಕ ಎಲ್ಲ ಮಕ್ಕಳನ್ನೂ ಪರೀಕ್ಷೆಯಿಲ್ಲದೆ ತೆಗೆದುಕೊಳ್ಳುವ ಶಾಲೆಗಳು ಹೆಚ್ಚಿದವು, ಅವೇ ಕಾಂಪ್ರಹೆನ್ಸಿವ್. ತರಗತಿಗಳನ್ನು ಇಯರ್ 7ರಿಂದ ಇಯರ್ 11 ಎಂದು ಎಣಿಸುತ್ತಾರೆ, ಅಂದರೆ 11ರಿಂದ 16 ವರ್ಷದವರು. ಇಯರ್ 11ರ ಕೊನೆಗೆ ಜಿಸಿಎಸ್‌ಇ ಪರೀಕ್ಷೆ. ನಮ್ಮ ಎಸ್‌ಎಸ್‌ಎಲ್‌ಸಿ ಇದ್ದ ಹಾಗೆ ಎಂದುಕೊಂಡರೆ ಅರ್ಧ ಸರಿ. ಅಲ್ಲಿ ಒಟ್ಟು ಅಂಕ, ಶೇಕಡಾವಾರು ಎಂಬುದಿಲ್ಲ, ಇಡೀ ಪರೀಕ್ಷೆಗೆ ಪಾಸು ಫೇಲೂ ಇಲ್ಲ. ಒಂದೊಂದು ವಿಷಯಕ್ಕೂ ಬೇರೆ ಬೇರೆ ಗ್ರೇಡು. 2006ರಲ್ಲಿ ಹದಿನಾರು ತುಂಬಿದವನು ಜೂನ್ ತಿಂಗಳ ಕೊನೆಯ ಶುಕ್ರವಾರ ಶಾಲೆಗೆ ಕೈಮುಗಿದು ಹೊರಡಬಹುದಿತ್ತು. ಹಾಗಾಗಿ ಇಯರ್ 11ರ ಹುಡುಗರು ಮೇಷ್ಟ್ರ ಮುಂದೆ ‘ಇನ್ನೆಷ್ಟು ದಿನ ಬಿಡಿ’ ಎಂಬ ಗತ್ತಿನಲ್ಲಿ ನಿಲ್ಲುವುದು ಬರೀ ಸೊಕ್ಕಲ್ಲ, ಕಾನೂನೇ ಕೊಟ್ಟ ಧೈರ್ಯ.

ಇನ್ನು ದುಡ್ಡಿಗೆ ಬರೋಣ. 1988ರ ಶಿಕ್ಷಣ ಸುಧಾರಣಾ ಕಾಯ್ದೆ ಎರಡು ಕೆಲಸ ಮಾಡಿತು. ಶಾಲೆ ಆರಿಸುವ ಅವಕಾಶವನ್ನು ತಂದೆತಾಯಿಗೆ ಹಿಗ್ಗಿಸಿತು. ಶಾಲೆಯ ಬಜೆಟ್ಟನ್ನು ಶಾಲೆಯ ಕೈಗೇ ಕೊಟ್ಟು, ಅದರ ಬಹುಪಾಲನ್ನು ಮಕ್ಕಳ ತಲೆಯೆಣಿಕೆಗೆ ಕಟ್ಟಿಹಾಕಿತು. ಮಗು ಹೋದ ಕಡೆಗೆ ದುಡ್ಡು ಹೋಗುತ್ತದೆ. ನಮ್ಮಲ್ಲಿ ಸರಕಾರಿ ಶಾಲೆಯ ಮೇಷ್ಟ್ರ ಸಂಬಳ ಖಜಾನೆಯಿಂದ ನೇರ ಬರುತ್ತದೆ, ದಾಖಲಾತಿ ಇಳಿದರೆ ಹೆಚ್ಚುವರಿ ಎಂದು ಬೇರೆ ಶಾಲೆಗೆ ಹಾಕುತ್ತಾರೆ. ಅಲ್ಲಿ ಸಂಬಳ ಕೊಡಬೇಕಾದದ್ದು ಶಾಲೆಯ ಬಜೆಟ್ಟಿನಿಂದ.

ಕಾಗದದ ಮೇಲೆ ಒಂದು ಲೆಕ್ಕ ಹಾಕಿ ನೋಡಿ. ಪ್ರತಿ ವರ್ಷ ಇಯರ್ 7ಕ್ಕೆ 210 ಮಕ್ಕಳನ್ನು ತೆಗೆದುಕೊಳ್ಳುವ ಶಾಲೆ, ಅಂದರೆ 30ರಂತೆ ಏಳು ಸೆಕ್ಷನ್. ಹೆಸರು ಕೆಟ್ಟು 150 ಮಕ್ಕಳು ಮಾತ್ರ ಬಂದರು ಅನ್ನಿ, ಎರಡು ಸೆಕ್ಷನ್ ಹೋಯಿತು. ಇದೇ ಐದು ವರ್ಷ ನಡೆದರೆ ಇಡೀ ಶಾಲೆಯಲ್ಲಿ 300 ಮಕ್ಕಳು, ಹತ್ತು ಸೆಕ್ಷನ್ ಕಡಿಮೆ. ಸೆಕ್ಷನ್ನಿಗೆ ವಾರಕ್ಕೆ 25 ಪೀರಿಯಡ್ ಎಂದರೆ 250 ಪೀರಿಯಡ್. ಒಬ್ಬ ಟೀಚರು ವಾರಕ್ಕೆ 22 ಪೀರಿಯಡ್ ತೆಗೆದುಕೊಂಡರೆ ಹನ್ನೊಂದು ಜನರ ಕೆಲಸ ಅದು. ಅಷ್ಟು ಜನರ ಸಂಬಳದ ದುಡ್ಡು ಬರುವುದಿಲ್ಲ. ಆದರೆ ಚಾವಣಿ ಸೋರುವುದು ಅಷ್ಟೇ, ಬಾಯ್ಲರಿನ ಖರ್ಚು ಅಷ್ಟೇ, ಹೆಡ್ ಒಬ್ಬರೇ, ಕಾವಲುಗಾರ ಒಬ್ಬನೇ. ಇವುಗಳಲ್ಲಿ ಕಾಲು ಭಾಗ ಕತ್ತರಿಸಲು ಬರುವುದಿಲ್ಲ. ಆದ್ದರಿಂದ ಕತ್ತರಿ ಬೀಳುವುದು ಸಂಗೀತ, ನಾಟಕ, ಹೆಚ್ಚುವರಿ ಸಹಾಯಕರು ಇಂಥವರ ಮೇಲೆ. ಅಂದರೆ ತಂದೆತಾಯಿಯನ್ನು ಮತ್ತೆ ಕರೆತರಬಹುದಾಗಿದ್ದ ಸಂಗತಿಗಳ ಮೇಲೇ. ಮಾರನೆಯ ವರ್ಷ ಬರುವವರು ಇನ್ನೂ ಕಡಿಮೆ.

ಖಾಲಿ ಬೆಂಚಿಗೆ ಇನ್ನೊಂದು ಗುಣವಿದೆ, ಧಾರಾವಾಹಿಯ ರೂಪವನ್ನೇ ನಿರ್ಧರಿಸುವುದು ಅದು. ವರ್ಷದ ನಡುವೆ ಯಾರಾದರೂ ಸೀಟು ಕೇಳಿ ಬಂದರೆ, ಜಾಗ ಇರುವ ಶಾಲೆ ಸಾಮಾನ್ಯವಾಗಿ ‘ಇಲ್ಲ’ ಅನ್ನುವ ಹಾಗಿಲ್ಲ. ಒಳ್ಳೆಯ ಹೆಸರಿನ ಶಾಲೆ ತುಂಬಿರುತ್ತದೆ, ಅದಕ್ಕೆ ‘ಜಾಗ ಇಲ್ಲ’ ಎಂಬ ನಿಜವಾದ ಕಾರಣವಿದೆ. ಬೇರೆ ಶಾಲೆಯಿಂದ ಹೊರಹಾಕಿಸಿಕೊಂಡವನು, ಊರು ಬದಲಿಸಿ ಬಂದ ಕುಟುಂಬದ ಮಗು, ಸಾಕು ಮನೆಯಿಂದ ಸಾಕು ಮನೆಗೆ ಎತ್ತಿಹಾಕಿಸಿಕೊಂಡ ಮಗು, ಎಲ್ಲರೂ ಬಂದು ಸೇರುವುದು ಬೆಂಚು ಖಾಲಿ ಇರುವ ಕಡೆ. ಎರಡು ಶಾಲೆಗಳಿಂದ ಕಾಯಂ ಹೊರಬಿದ್ದ ಹುಡುಗನನ್ನು ಎರಡು ವರ್ಷದ ಮಟ್ಟಿಗೆ ನಿರಾಕರಿಸಲು ಅವಕಾಶವಿದೆ. ಒಂದೇ ಸಲ ಹೊರಬಿದ್ದವನಿಗೆ ಆ ತಡೆ ಇಲ್ಲ. ‘ಪ್ರತಿ ಕಂತಿಗೊಬ್ಬ ಹೊಸ ಸಮಸ್ಯೆಯ ಮಗು’ ಎಂಬುದು ಕಥೆಗಾರರ ಸುಲಭದ ದಾರಿ ಎಂದು ಗೊಣಗುವವರಿದ್ದಾರೆ. ವೇಗ ಹೆಚ್ಚಾಯಿತು ಅನ್ನಬಹುದು. ದಿಕ್ಕು ಮಾತ್ರ ಸರಿಯಾಗಿಯೇ ಇದೆ.

ತಂದೆತಾಯಿ ಶಾಲೆಯ ಹೆಸರನ್ನು ಅಳೆಯುವುದು ಹೇಗೆ? 1992ರಿಂದ ಸರಕಾರವೇ ಪ್ರತಿ ಶಾಲೆಯ ಫಲಿತಾಂಶ ಪ್ರಕಟಿಸುತ್ತದೆ, ಪತ್ರಿಕೆಗಳು ಅದನ್ನು ಮೇಲಿಂದ ಕೆಳಗೆ ಜೋಡಿಸಿ ಲೀಗ್ ಪಟ್ಟಿ ಮಾಡುತ್ತವೆ. ಆಗ ಗ್ರೇಡುಗಳು ಎ ಸ್ಟಾರ್‌ನಿಂದ ಜಿವರೆಗೆ. ಪಟ್ಟಿಯಲ್ಲಿ ಎಲ್ಲರ ಕಣ್ಣು ಬೀಳುತ್ತಿದ್ದ ಅಂಕಿ ಒಂದೇ: ಶೇಕಡ ಎಷ್ಟು ಮಕ್ಕಳಿಗೆ ಐದು ವಿಷಯಗಳಲ್ಲಿ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡು ಬಂತು? ಇದರ ಪೇಚು ನೋಡಿ. ನಾಲ್ಕು ವಿಷಯದಲ್ಲಿ ಎ, ಉಳಿದುದರಲ್ಲೆಲ್ಲ ಡಿ ಬಂದ ಹುಡುಗಿ ಲೆಕ್ಕಕ್ಕೇ ಇಲ್ಲ. ಐದು ಸಿ ಗಿಟ್ಟಿಸಿದವನು ಲೆಕ್ಕಕ್ಕೆ ಸೇರಿದ. ಜಿ ಗ್ರೇಡಿನವನನ್ನು ಇ ಗ್ರೇಡಿಗೆ ಎತ್ತಲು ಒಬ್ಬ ಮೇಷ್ಟ್ರು ವರ್ಷವಿಡೀ ಬೆವರು ಸುರಿಸಿದರೂ ಪಟ್ಟಿಯಲ್ಲಿ ಒಂದು ಚುಕ್ಕೆಯೂ ಕದಲುವುದಿಲ್ಲ. ಹಾಗಾಗಿ ಕಷ್ಟದಲ್ಲಿರುವ ಶಾಲೆಗಳ ಶ್ರಮವೆಲ್ಲ ಸಿ–ಡಿ ಗಡಿಯಲ್ಲಿ ನಿಂತ ಮಕ್ಕಳ ಮೇಲೆ ಸುರಿಯುತ್ತಿತ್ತು. ಸಂಜೆ ಪಾಠ, ರಜೆಯಲ್ಲಿ ಪಾಠ ಎಲ್ಲ ಅವರಿಗೆ.

ಇನ್ನೊಂದು ಅಡ್ಡದಾರಿಯೂ ಇತ್ತು. ಇಂಟರ್‌ಮೀಡಿಯೆಟ್ ಜಿಎನ್‌ವಿಕ್ಯೂ ಎಂಬ ವೃತ್ತಿ ಶಿಕ್ಷಣದ ಒಂದೇ ಕೋರ್ಸು ನಾಲ್ಕು ಜಿಸಿಎಸ್‌ಇಗೆ ಸಮ ಎಂದು ಎಣಿಕೆಯಾಗುತ್ತಿತ್ತು. ಅದೊಂದರ ಜೊತೆಗೆ ಇನ್ನೊಂದು ಸಿ ಸೇರಿದರೆ ಐದಾಯಿತು. ಇದು ಕೈಮೀರಿದ್ದರಿಂದಲೇ 2006ರ ಫಲಿತಾಂಶದಿಂದ ‘ಐದರಲ್ಲಿ ಇಂಗ್ಲಿಷ್ ಮತ್ತು ಗಣಿತ ಇರಲೇಬೇಕು’ ಎಂಬ ಬಿಗಿಯಾದ ಅಂಕಿಯೂ ಪಟ್ಟಿಗೆ ಬಂತು. ಧಾರಾವಾಹಿ ಪ್ರಸಾರವಾದ ವರ್ಷವೇ. ಆ ಹೊತ್ತಿನಲ್ಲಿ ವಾಟರ್‌ಲೂ ರೋಡ್‌ನಂಥ ಶಾಲೆಯಲ್ಲಿ ಇಂಗ್ಲಿಷ್ ವಿಭಾಗಕ್ಕೆ ಗ್ರ್ಯಾಂಟ್ಲಿ ಬಜನ್ ಸಿಕ್ಕಿರುವುದು ನಗೆಯ ಸಂಗತಿ ಮಾತ್ರವಲ್ಲ. ಜೊತೆಗೆ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲೇ ಎರಡು ಮಟ್ಟವಿತ್ತು. ಕೆಳಗಿನ ಮಟ್ಟದ ಪತ್ರಿಕೆಗೆ ಹೆಸರು ಕೊಟ್ಟರೆ ಎಷ್ಟೇ ಚೆನ್ನಾಗಿ ಬರೆದರೂ ಸಿ ಮೇಲೆ ಸಿಗುವುದಿಲ್ಲ. ಮಗುವಿನ ಮಿತಿಯನ್ನು ಪರೀಕ್ಷೆಗೆ ಮೊದಲೇ ಮೇಷ್ಟ್ರು ಬರೆದಿಟ್ಟಂತೆ.

ಎರಡನೆಯ ಅಳತೆಗೋಲು ಆಫ್‌ಸ್ಟೆಡ್. ಇಂಗ್ಲೆಂಡಿನ ಶಾಲೆಗಳ ತಪಾಸಣೆಗೆಂದು 1992ರ ಕಾಯ್ದೆಯಿಂದ ಹುಟ್ಟಿದ ಇಲಾಖೆ. ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಬಂದು ರಿಜಿಸ್ಟರಿಗೆ ಸಹಿ ಹಾಕಿ ಹೋಗುವ ತಪಾಸಣೆಯ ಜೊತೆ ಇದನ್ನು ಹೋಲಿಸಬೇಡಿ. ತಪಾಸಕರು ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುತ್ತಾರೆ, ಮಕ್ಕಳನ್ನು ಮಾತಾಡಿಸುತ್ತಾರೆ, ಪುಸ್ತಕ ತೆರೆಸುತ್ತಾರೆ. ವರದಿ ಬಹಿರಂಗ, ಯಾರು ಬೇಕಾದರೂ ಓದಬಹುದು. ಈಗ ಮ್ಯಾಂಚೆಸ್ಟರಿಗೋ ರೆಡಿಂಗಿಗೋ ಕೆಲಸಕ್ಕೆ ಹೋಗುವ ಕನ್ನಡದ ಮನೆಗಳಲ್ಲೂ ಬಾಡಿಗೆ ಮನೆಗಿಂತ ಮೊದಲು ಹುಡುಕುವುದು ಈ ವರದಿಯನ್ನೇ.

2005ರ ಸೆಪ್ಟೆಂಬರಿನಲ್ಲಿ ತಪಾಸಣೆಯ ನಿಯಮ ಬದಲಾಯಿತು. ಅದಕ್ಕೆ ಮೊದಲು ಆರರಿಂದ ಹತ್ತು ವಾರದ ಮುನ್ಸೂಚನೆ ಇರುತ್ತಿತ್ತು. ಗೋಡೆಗೆ ಬಣ್ಣ ಬಳಿದು, ತಂಟೆಕೋರರನ್ನು ಪ್ರವಾಸಕ್ಕೆ ಅಟ್ಟಿ, ಫೈಲು ಜೋಡಿಸಿಡಲು ಧಾರಾಳ ಸಮಯ. ಹೊಸ ನಿಯಮದಲ್ಲಿ ಮುನ್ಸೂಚನೆ ಎರಡರಿಂದ ಐದು ದಿನ, ಶಾಲೆಯೊಳಗೆ ತಪಾಸಣೆ ಸುಮಾರು ಎರಡು ದಿನ. ದರ್ಜೆ ನಾಲ್ಕು: ಅತ್ಯುತ್ತಮ, ಒಳ್ಳೆಯದು, ತೃಪ್ತಿಕರ, ಅಸಮರ್ಪಕ. ಕೊನೆಯದರಲ್ಲಿ ಮತ್ತೆ ಎರಡು ಕವಲು. ಒಂದು ‘ಸುಧಾರಣೆಯ ನೋಟಿಸು’. ಇನ್ನೊಂದು, ಇಡೀ ಸ್ಟಾಫ್‌ರೂಮಿನ ನಿದ್ದೆಗೆಡಿಸುವ ‘ಸ್ಪೆಷಲ್ ಮೆಷರ್ಸ್’. ಇದಕ್ಕೆ ಎರಡು ಶರತ್ತು ಒಟ್ಟಿಗೆ ಕೂಡಿಬರಬೇಕು. ಮಕ್ಕಳಿಗೆ ಒಪ್ಪತಕ್ಕ ಮಟ್ಟದ ಶಿಕ್ಷಣ ಸಿಗುತ್ತಿಲ್ಲ ಎಂಬುದು ಒಂದು. ಶಾಲೆ ನಡೆಸುವವರಿಗೆ ಅದನ್ನು ಸರಿಪಡಿಸುವ ಶಕ್ತಿ ಕಾಣುತ್ತಿಲ್ಲ ಎಂಬುದು ಎರಡನೆಯದು. ಎರಡನೆಯ ಶರತ್ತನ್ನು ಮನಸ್ಸಿನಲ್ಲಿಟ್ಟುಕೊಂಡು ಜ್ಯಾಕ್ ರಿಮ್ಮರ್‌ನ ಓಡಾಟ ನೋಡಿ. ಶಾಲೆ ಕೆಟ್ಟಿದೆ ಎಂಬುದನ್ನು ಅವನು ಅಲ್ಲಗಳೆಯಲಾರ. ಅವನು ಕಾಪಾಡಿಕೊಳ್ಳಬೇಕಾದದ್ದು ‘ಇವನು ನಡೆಸಬಲ್ಲ’ ಎಂಬ ಮಾತನ್ನು. ಹೊಸ ಡೆಪ್ಯುಟಿ ಅವನಿಗೆ ಸಹಾಯವೂ ಹೌದು, ಅವನ ಆಡಳಿತದ ಹುಳುಕಿಗೆ ಸಾಕ್ಷಿಯೂ ಹೌದು. ಇಬ್ಬರ ನಡುವಿನ ಬಿಗುವಿಗೆ ಸ್ವಭಾವದ ಭೇದವಷ್ಟೇ ಕಾರಣವೆಂದುಕೊಂಡರೆ ಅರ್ಧ ಕಥೆ ತಪ್ಪಿಹೋಗುತ್ತದೆ.

ಸ್ಪೆಷಲ್ ಮೆಷರ್ಸ್‌ಗೆ ಬಿದ್ದ ಶಾಲೆಗೆ ತಪಾಸಕರು ಮತ್ತೆ ಮತ್ತೆ ಬರುತ್ತಾರೆ. ಆಗ ಸ್ಥಳೀಯ ಕೌನ್ಸಿಲಿನ ಶಿಕ್ಷಣ ಪ್ರಾಧಿಕಾರ ಯೋಜನೆ ಕೊಡಬೇಕಿತ್ತು, ಇಲ್ಲವೇ ಮುಚ್ಚುವ ಪ್ರಸ್ತಾವ ತರಬೇಕಿತ್ತು. ಇನ್ನೊಂದು ದಾರಿ ಅಕಾಡೆಮಿ. ಆಗಿನ ವ್ಯವಸ್ಥೆಯಲ್ಲಿ ಒಬ್ಬ ಪ್ರಾಯೋಜಕ ಸುಮಾರು 20 ಲಕ್ಷ ಪೌಂಡ್ ಹಾಕಿದರೆ ಶಾಲೆ ಕೌನ್ಸಿಲಿನ ಕೈಯಿಂದ ಅವನ ಟ್ರಸ್ಟಿನ ಕೈಗೆ ಹೋಗುತ್ತಿತ್ತು. ಮೊದಲ ಅಕಾಡೆಮಿಗಳು ತೆರೆದದ್ದು 2002ರಲ್ಲಿ. ಇಷ್ಟು ಸಾಲದು ಎಂಬಂತೆ ಒಂದು ವಿಚಿತ್ರ ನಿಯಮ: ಸ್ಪೆಷಲ್ ಮೆಷರ್ಸ್‌ನಲ್ಲಿರುವ ಶಾಲೆ, ತಪಾಸಕರ ಒಪ್ಪಿಗೆ ಇಲ್ಲದೆ, ಹೊಸದಾಗಿ ತರಬೇತಿ ಮುಗಿಸಿದವರನ್ನು ಅವರ ಮೊದಲ ವರ್ಷದ ಪ್ರೊಬೇಷನ್ನಿಗೆ ತೆಗೆದುಕೊಳ್ಳುವಂತಿಲ್ಲ. ಹೊಸಬರಿಗೆ ಸರಿಯಾದ ಮಾರ್ಗದರ್ಶನ ಸಿಗಲಿ ಎಂಬುದು ಉದ್ದೇಶ. ಹಳಬರು ಬರಲು ಒಪ್ಪದ ಶಾಲೆಗೆ ಹೊಸಬರ ಬಾಗಿಲೂ ಹಾಕಿದಂತಾಯಿತು. ಉಳಿಯುವುದು ಏಜೆನ್ಸಿಯ ಸಪ್ಲೈ ಟೀಚರು, ಅಂದರೆ ಬದಲಿಗೆ ಬಂದುಹೋಗುವವರು. ದಿನಗೂಲಿಯ ಲೆಕ್ಕ, ಮಕ್ಕಳ ಹೆಸರೂ ಗೊತ್ತಿರುವುದಿಲ್ಲ, ಮಕ್ಕಳಿಗೆ ಅದು ಗೊತ್ತಿರುತ್ತದೆ.

ಸ್ಟೆಫ್ ಮತ್ತು ಗ್ರ್ಯಾಂಟ್ಲಿ ಯಾಕೆ ಉಳಿದಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಅಸಮರ್ಥ ಟೀಚರನ್ನು ತೆಗೆಯಲು ವಿಧಿವತ್ತಾದ ಪ್ರಕ್ರಿಯೆ ಇದೆ: ಲಿಖಿತ ಎಚ್ಚರಿಕೆ, ಗುರಿ, ಪಾಠ ವೀಕ್ಷಣೆ, ಯೂನಿಯನ್ ಪ್ರತಿನಿಧಿಯ ಹಾಜರಿಯಲ್ಲಿ ಸಭೆ. ಸಾಮಾನ್ಯವಾಗಿ ಎರಡು ಟರ್ಮ್, ಅಂದರೆ ಶಾಲಾ ವರ್ಷದ ಮೂರರಲ್ಲಿ ಎರಡು ಪಾಲು, ಹಿಡಿಯುತ್ತಿತ್ತು. ಅಷ್ಟು ಹೊತ್ತು ಹೆಡ್ ಆ ಒಬ್ಬರ ಹಿಂದೆಯೇ ಬೀಳಬೇಕು, ತೆಗೆದ ಮೇಲೆ ಆ ಜಾಗಕ್ಕೆ ಬರುವವರು ಯಾರು ಎಂಬುದಕ್ಕೆ ಮತ್ತೆ ಮೇಲಿನ ಪ್ಯಾರಾ ಓದಿ. ಸ್ಟೆಫ್‌ಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. 2004ರಿಂದ ಇಂಗ್ಲೆಂಡಿನಲ್ಲಿ 14 ವರ್ಷದ ಮೇಲೆ ವಿದೇಶಿ ಭಾಷೆ ಕಡ್ಡಾಯವಲ್ಲ. ಇಂಥ ಶಾಲೆಯಲ್ಲಿ ಇಯರ್ 10ಕ್ಕೆ ಬರುವಾಗಲೇ ಮಕ್ಕಳು ಫ್ರೆಂಚ್ ಬಿಡಬಹುದು. ಅಂದರೆ ಅವಳ ವಿಷಯವೇ ಕಾಲ ಕೆಳಗೆ ಕರಗುತ್ತಿದೆ. ಅವಳ ಸೋಮಾರಿತನವನ್ನು ಇದು ಮನ್ನಿಸುವುದಿಲ್ಲ, ಆದರೆ ಅವಳ ಉಡಾಫೆಯ ಹಿಂದಿನ ಗಾಬರಿಗೆ ಕಾರಣ ಕೊಡುತ್ತದೆ. ಈ ಪಾತ್ರವನ್ನು ಬರೆದವರಿಗೆ ಶಾಲೆಯ ಒಳಹೊರಗು ಚೆನ್ನಾಗಿ ತಿಳಿದಿತ್ತು ಎಂದೇ ಅನಿಸುತ್ತದೆ.

ಶಿಸ್ತಿನ ದೃಶ್ಯಗಳಿಗೆ ಬಂದರೆ, ಇಷ್ಟೆಲ್ಲ ಮಾತು ಕೇಳಿಸಿಕೊಂಡೂ ಮೇಷ್ಟ್ರು ಸುಮ್ಮನಿರುತ್ತಾರಲ್ಲ ಎಂದು ನಮ್ಮವರಿಗೆ ಕೈ ತುರಿಸುತ್ತದೆ. ಅಲ್ಲಿನ ಸರಕಾರಿ ಶಾಲೆಗಳಲ್ಲಿ ಬೆತ್ತ 1987ರಿಂದ ನಿಷಿದ್ಧ. ಶಾಲೆ ಬಿಟ್ಟ ಮೇಲೆ ಕೂರಿಸಿಕೊಳ್ಳುವ ಡಿಟೆನ್ಷನ್ನಿಗೂ ಆಗ ತಂದೆತಾಯಿಗೆ 24 ಗಂಟೆ ಮೊದಲು ಬರೆದು ತಿಳಿಸಬೇಕಿತ್ತು. ಹಾಗಾಗಿ ‘ಈವತ್ತು ಸಂಜೆ ಉಳಿ’ ಎಂದು ಯಾವ ಪಾತ್ರ ಹೇಳಿದರೂ ನಿಯಮದ ಪ್ರಕಾರ ಅದು ನಾಳೆ ಸಂಜೆ. ಅದಕ್ಕೂ ಮೇಲಿನದು ಎಕ್ಸ್‌ಕ್ಲೂಷನ್, ಅಂದರೆ ಹೊರಹಾಕುವುದು. ತಾತ್ಕಾಲಿಕವಾದರೆ ಒಂದು ಶಾಲಾ ವರ್ಷದಲ್ಲಿ ಒಟ್ಟು 45 ಶಾಲಾ ದಿನ ಮೀರುವಂತಿಲ್ಲ. ಕಾಯಂ ಆಗಿ ಹೊರಹಾಕಿದರೆ ಗವರ್ನರುಗಳ ಸಮಿತಿ, ನಮ್ಮ ಎಸ್‌ಡಿಎಂಸಿಗಿಂತ ಹೆಚ್ಚು ಅಧಿಕಾರವಿರುವ ಸಮಿತಿ, 15 ಶಾಲಾ ದಿನದೊಳಗೆ ಅದನ್ನು ಪರಿಶೀಲಿಸಬೇಕು. ಅಲ್ಲಿ ಸೋತರೂ ತಂದೆತಾಯಿ ಆಗ ಸ್ವತಂತ್ರ ಮೇಲ್ಮನವಿ ಸಮಿತಿಗೆ ಹೋಗಬಹುದಿತ್ತು, ಅದು ಹುಡುಗನನ್ನು ವಾಪಸು ಸೇರಿಸಿ ಎಂದು ಆದೇಶಿಸಲೂಬಹುದಿತ್ತು. ಹೊರಹಾಕುವ ಅಧಿಕಾರ ಇರುವುದು ಹೆಡ್ ಒಬ್ಬರಿಗೇ. ಅವರು ಇಲ್ಲದಾಗ ಮಾತ್ರ ಅವರ ಸ್ಥಾನದಲ್ಲಿ ಇರುವವರಿಗೆ. ಡೆಪ್ಯುಟಿ ಆಂಡ್ರ್ಯೂ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಜ್ಯಾಕ್ ಕಟ್ಟಡದೊಳಗೆ ಇರುವ ತನಕ ಯಾರನ್ನೂ ಹೊರಹಾಕಲಾರ. ಜ್ಯಾಕ್‌ಗೋ ಬೆಂಚಿನ ಲೆಕ್ಕ. ಒಂದು ಮಗು ಹೋದರೆ ಆ ಮಗುವಿನ ಪಾಲಿನ ದುಡ್ಡೂ ಹೋಯಿತು, ಖಾಲಿಯಾದ ಜಾಗಕ್ಕೆ ಇನ್ನೊಬ್ಬ ಹೊರಬಿದ್ದವನು ಬಂದು ಕೂರಬಹುದು.

ಹೀಗಾಗಿ ಭಾರವೆಲ್ಲ ಬೀಳುವುದು ಕಿಮ್ ಕ್ಯಾಂಪ್‌ಬೆಲ್ ಮೇಲೆ. ‘ಪ್ಯಾಸ್ಟೊರಲ್’ ಎಂಬ ಹುದ್ದೆ ನಮ್ಮ ಶಾಲೆಗಳಲ್ಲಿ ಇಲ್ಲ, ಚರ್ಚಿನ ಪಾದ್ರಿಗೂ ಸಂಬಂಧವಿಲ್ಲ. ಹಾಜರಾತಿ ಇಳಿದ ಮಗುವಿನ ಮನೆಗೆ ಫೋನು, ಮೈಮೇಲೆ ಗಾಯ ಕಂಡರೆ ಸಮಾಜ ಕಲ್ಯಾಣದವರಿಗೆ ಸುದ್ದಿ, ಬಸುರಿಯಾದ ಹುಡುಗಿಗೆ ಪರೀಕ್ಷೆ ಬರೆಯುವ ಏರ್ಪಾಡು, ಇಂಥವೆಲ್ಲ ಆ ಕೆಲಸದೊಳಗೆ. ಧಾರಾವಾಹಿಯಲ್ಲಿ ಎಲ್ಲವನ್ನೂ ಕಿಮ್ ಒಬ್ಬಳೇ ಮಾಡುತ್ತಾಳೆ, ಚಿತ್ರಕಲೆಯ ಪಾಠವನ್ನೂ ಮಾಡುತ್ತಾಳೆ. ನಿಜವಾದ ಶಾಲೆಯಲ್ಲಿ ಪ್ರತಿ ಇಯರ್‌ಗೂ ಒಬ್ಬ ಮುಖ್ಯಸ್ಥರು, ಪ್ರತಿ ಸೆಕ್ಷನ್ನಿಗೂ ಒಬ್ಬ ಟ್ಯೂಟರ್ ಇರುತ್ತಾರೆ. ಕಿಮ್‌ವರೆಗೆ ಬರುವುದು ಅವರ ಕೈಮೀರಿದ್ದು ಮಾತ್ರ.

ಧಾರಾವಾಹಿ ಮಾಡುವ ದೊಡ್ಡ ಮೋಸ ಇನ್ನೊಂದಿದೆ: ಕೆಲಸ ಬಿಡುವುದು ಮತ್ತು ಸೇರುವುದು. ‘ಇನ್ನು ನಾನಿಲ್ಲಿ ಇರುವುದಿಲ್ಲ’ ಎಂದು ಬ್ಯಾಗು ಹೆಗಲಿಗೇರಿಸಿ ಹೊರಡುವುದು ತೆರೆಯ ಮೇಲೆ ಚೆಂದ. ಇಂಗ್ಲೆಂಡಿನಲ್ಲಿ ಟೀಚರು ಡಿಸೆಂಬರ್ 31ಕ್ಕೆ ಬಿಡಬೇಕಾದರೆ ಅಕ್ಟೋಬರ್ 31ರೊಳಗೆ ರಾಜೀನಾಮೆ ಕೊಡಬೇಕು. ಏಪ್ರಿಲ್ 30ಕ್ಕಾದರೆ ಫೆಬ್ರವರಿ ಕೊನೆಯೊಳಗೆ, ಆಗಸ್ಟ್ 31ಕ್ಕಾದರೆ ಮೇ 31ರೊಳಗೆ. ಹೆಡ್ ಆಗಿದ್ದರೆ ಇನ್ನೂ ಒಂದು ತಿಂಗಳು ಮೊದಲು. ತಾರೀಕು ಒಂದು ದಿನ ತಪ್ಪಿದರೆ ಇನ್ನೊಂದು ಟರ್ಮ್ ಅಲ್ಲೇ. ಆದ್ದರಿಂದ ಟರ್ಮಿನ ನಡುವೆ ಹೆಡ್ ಕುಸಿದರೆ ಹೊರಗಿನಿಂದ ತಕ್ಷಣಕ್ಕೆ ಯಾರೂ ಸಿಗುವುದಿಲ್ಲ, ಡೆಪ್ಯುಟಿಯನ್ನೇ ಕೂರಿಸಬೇಕಾಗುತ್ತದೆ. ಜ್ಯಾಕ್ ಹೆಡ್ ಆದದ್ದು ಹೀಗೆ ನೋಡಿದರೆ ಪೂರ್ತಿ ನಂಬುವಂಥದ್ದು. ಖಾಸಗಿ ಶಾಲೆಯ ಆಂಡ್ರ್ಯೂ ಅಷ್ಟು ಬೇಗ ಬಿಡಿಸಿಕೊಂಡು ಬಂದದ್ದು ಹೇಗೆ ಎಂದು ಮಾತ್ರ ಕೇಳಬಾರದು.

ಆಮೇಲೆ ಬಹಳ ಬದಲಾಗಿದೆ. ‘ತೃಪ್ತಿಕರ’ ಎಂಬ ದರ್ಜೆ 2012ರಲ್ಲಿ ‘ಸುಧಾರಣೆ ಬೇಕು’ ಆಯಿತು. ಗ್ರೇಡುಗಳು 2017ರಿಂದ ಅಕ್ಷರ ಬಿಟ್ಟು 9ರಿಂದ 1ರ ಅಂಕಿಗೆ ಬಂದವು. ಒಂದೇ ಪದದಲ್ಲಿ ಇಡೀ ಶಾಲೆಗೆ ಹಣೆಪಟ್ಟಿ ಹಚ್ಚುವ ಕ್ರಮವನ್ನು 2024ರ ಸೆಪ್ಟೆಂಬರಿನಲ್ಲಿ ಕೈಬಿಟ್ಟರು. ಅದರ ಹಿಂದೆ ಒಂದು ಸಾವಿದೆ. ಮುಖ್ಯೋಪಾಧ್ಯಾಯಿನಿಯೊಬ್ಬರ ಆತ್ಮಹತ್ಯೆಗೆ ತಪಾಸಣೆಯೂ ಕಾರಣವಾಗಿತ್ತು ಎಂದು 2023ರ ಡಿಸೆಂಬರಿನಲ್ಲಿ ವಿಚಾರಣಾಧಿಕಾರಿ ಹೇಳಿದ್ದರು. ಕುಸಿದುಹೋದ ಹೆಡ್‌ನಿಂದ ಕಥೆ ಶುರು ಮಾಡಿದ್ದನ್ನು 2006ರಲ್ಲಿ ಕೆಲವರು ಅತಿರೇಕ ಎಂದುಕೊಂಡಿರಬಹುದು.

ಮೊದಲ ಸೀಸನ್ ಹಿಡಿಸಿದರೆ ಎರಡನೆಯದರ ಹನ್ನೆರಡು ಕಂತನ್ನೂ ಅದರ ಬೆನ್ನಿಗೇ ನೋಡಿ. ಎಂಟನೆಯ ಸೀಸನ್ನಿಗೆ ಮಾತ್ರ ಹುಷಾರು. 2012ರಲ್ಲಿ ಚಿತ್ರೀಕರಣ ಸ್ಕಾಟ್‌ಲೆಂಡಿನ ಗ್ರೀನಕ್‌ಗೆ ಹೋಯಿತು, ಕಥೆಯೂ ಹಿಂದೆಯೇ ಹೋಯಿತು, ಜೊತೆಗೆ ಕೆಲವು ಟೀಚರು, ಮಕ್ಕಳು ಕೂಡ ಗಂಟುಮೂಟೆ ಕಟ್ಟಿದರು. ಸ್ಕಾಟ್‌ಲೆಂಡಿನಲ್ಲಿ ಆಫ್‌ಸ್ಟೆಡ್‌ಗೆ ಅಧಿಕಾರವಿಲ್ಲ, ಅಲ್ಲಿನ ಮಕ್ಕಳು ಜಿಸಿಎಸ್‌ಇ ಬರೆಯುವುದಿಲ್ಲ. ಹಾಗಾಗಿ ಲೊರೇನ್ ಡೊನೆಗನ್ ಎಂಬ ಶ್ರೀಮಂತೆಯ ದುಡ್ಡಿನಲ್ಲಿ ನಡೆಯುವ ಸ್ವತಂತ್ರ ಶಾಲೆ ಎಂದು ಕಥೆ ಕಟ್ಟಬೇಕಾಯಿತು. ಖಾಲಿ ಬೆಂಚಿನ ಲೆಕ್ಕದ ಜಾಗಕ್ಕೆ ಒಬ್ಬಳ ಮನಸ್ಸಿನ ಏರಿಳಿತ ಬಂತು, ಅಲ್ಲಿಂದ ಮುಂದೆ ಅದು ಬೇರೆಯೇ ಧಾರಾವಾಹಿ. 2015ರಲ್ಲಿ ನಿಂತದ್ದು 2023ರ ಜನವರಿಯಲ್ಲಿ ಮತ್ತೆ ಶುರುವಾದಾಗ ಚಿತ್ರೀಕರಣ ಮ್ಯಾಂಚೆಸ್ಟರ್ ಕಡೆಗೇ, ಸಾಲ್‌ಫರ್ಡಿನ ಇನ್ನೊಂದು ಖಾಲಿ ಶಾಲೆಗೆ, ವಾಪಸು ಬಂತು. ಆಗ ಹೆಡ್ ಕುರ್ಚಿಯಲ್ಲಿ ಕೂತಿದ್ದವಳು ಕಿಮ್ ಕ್ಯಾಂಪ್‌ಬೆಲ್.